ಹರಿಹರದ ಮೂರ್ತಿ, ಕಲ್ಲಿದ್ದಲ ಹಡಗು

ಹರಿಹರೇಶ್ವರ ಗುಡಿಯ ಮೂರ್ತಿಗೆ ಬಲಭಾಗ ಶಿವ, ಎಡಭಾಗ ವಿಷ್ಣು. ಹರಿಯಿಂದಲೂ ಸಾವಿಲ್ಲ, ಹರನಿಂದಲೂ ಸಾವಿಲ್ಲ ಎಂದು ವರ ಪಡೆದ ಗುಹಾಸುರನನ್ನು ಕೊಲ್ಲಲು ಇಬ್ಬರೂ ಒಂದೇ ಮೈಯಾಗಿ ಬಂದರು ಎನ್ನುತ್ತದೆ ಸ್ಥಳಪುರಾಣ. ಹೊಯ್ಸಳರ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಗುಡಿ ಕಟ್ಟಿಸಿದ. 1268ರಲ್ಲಿ ಸೋಮ ದಂಡನಾಯಕ ಅದನ್ನು ಬೆಳೆಸಿದ. ಕಾಯುವವನೂ ಲಯ ಮಾಡುವವನೂ ಜೊತೆಯಾಗಿ ನಿಂತ ಈ ದೇವರಿಗೆ ದಾವಣಗೆರೆ ಸೀಮೆಯ ಜನ ಎಂಟು ಶತಮಾನಗಳಿಂದ ಕೈಮುಗಿಯುತ್ತ ಬಂದಿದ್ದಾರೆ.

ಹಳೆಯದರಲ್ಲಿ ಏನನ್ನು ಕಾಯಬೇಕು, ಏನನ್ನು ಕಳೆಯಬೇಕು?

ಕಲ್ಲಿದ್ದಲು ಉರಿಸಿ ಇಂದಿಗೂ ಓಡುವ ಬೆರಳೆಣಿಕೆಯ ಹಡಗುಗಳು ಇದೇ ಪ್ರಶ್ನೆಯನ್ನು ಎತ್ತುತ್ತವೆ. ಸ್ವೀಡನ್ನಿನ 'ಮರಿಯೆಫ್ರೆಡ್' 1903ರದ್ದು. ಬೇಸಿಗೆಯಲ್ಲಿ ಸ್ಟಾಕ್‌ಹೋಮಿನಿಂದ ತನ್ನದೇ ಹೆಸರಿನ ಊರಿಗೆ, ಮೊದಲಿನ ಎಂಜಿನ್ನಿನಲ್ಲೇ ಹೋಗುತ್ತದೆ. ಒಲೆಯ ಮುಂದಿನವನು ಸಲಿಕೆ ತುಂಬಿ ಕಲ್ಲಿದ್ದಲು ಹಾಕಬೇಕು, ಕೆಂಡ ಕೆದಕಬೇಕು, ಬೂದಿ ಎಳೆಯಬೇಕು. ಕೈ ಸೋತರೆ ಹಬೆಯೂ ಸೋಲುತ್ತದೆ. ಬಸವಣ್ಣನವರ ನಾಡಿನವರು ಇದನ್ನು ಕಾಯಕವೆಂದೇ ಕರೆದಾರು.

ಆದರೆ ಆ ಬೂದಿ ಎಲ್ಲಿಗೆ ಹೋಗಬೇಕು? ಅಮೆರಿಕದ ಮಿಶಿಗನ್ ಸರೋವರದಲ್ಲಿ ಕಾರುಗಳನ್ನು ದಾಟಿಸುವ 'ಬ್ಯಾಡ್ಜರ್' ಸೇವೆಗೆ ಇಳಿದದ್ದು 1953ರಲ್ಲಿ. ದಶಕಗಳ ಕಾಲ ಅದು ಬೂದಿಯನ್ನು ಸರೋವರಕ್ಕೇ ಸುರಿಯಿತು. ಸರ್ಕಾರ ಪಟ್ಟು ಹಿಡಿದ ಮೇಲೆ, 2015ರಿಂದ ಹಡಗಿನಲ್ಲೇ ತುಂಬಿಟ್ಟುಕೊಂಡು ದಡಕ್ಕೆ ತರುತ್ತಿದೆ.

ತುಂಗಭದ್ರೆಯ ದಡದವರಿಗೆ ಈ ಸಂಕಟ ಹೊಸದಲ್ಲ. 1980ರ ದಶಕದಲ್ಲಿ ಹರಿಹರದ ಎದುರು ದಡದ ಕಾರ್ಖಾನೆಯ ಕೊಳಚೆ ಹೊಳೆಗೆ ಬಿದ್ದು ಮೀನು ಸತ್ತಾಗ ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ ಹೋರಾಟಕ್ಕಿಳಿದಿತ್ತು. ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ಹಳೆ ಟಯರು ಸುಟ್ಟ ಹೊಗೆ ಕುಡಿದವರಿಗೂ ಗೊತ್ತು: ಅನ್ನ ಕೊಡುವ ಬೆಂಕಿಯೇ ಉಸಿರು ಕಟ್ಟಿಸಬಲ್ಲದು.

ಸ್ಕಾಟ್ಲೆಂಡಿನ ಕ್ಯಾಟ್ರಿನ್ ಸರೋವರ ಗ್ಲಾಸ್ಗೊ ನಗರಕ್ಕೆ ಕುಡಿಯುವ ನೀರು ಕೊಡುತ್ತದೆ. ಅಲ್ಲಿನ 'ಸರ್ ವಾಲ್ಟರ್ ಸ್ಕಾಟ್' ನೂರು ವರ್ಷ ದಾಟಿದ ಹಬೆ ಹಡಗು. 2007ರಲ್ಲಿ ಕಲ್ಲಿದ್ದಲಿನಿಂದ ಮಾಡಿದ ಕೋಕ್ ಬಿಟ್ಟು ಜೈವಿಕ ಇಂಧನ ಹಿಡಿಯಿತು. ಹಬೆ ಎಂಜಿನ್ ಮಾತ್ರ ಹಳೆಯದೇ. ಉರಿಸುವುದು ಬದಲಾದರೆ ಹಡಗೇ ಬೇರೆಯಾಯಿತು ಎನ್ನುವವರು ಇರಬಹುದು. ಆ ವಾದ ನಿಲ್ಲದು. ಸೋಮ ದಂಡನಾಯಕ ಹೊಸದನ್ನು ಸೇರಿಸಿದ್ದಕ್ಕೆ ಹರಿಹರೇಶ್ವರ ಬೇರೆ ದೇವರಾಗಲಿಲ್ಲ. ಪೂಜೆ ನಡೆಯುತ್ತಿದೆ, ಭಕ್ತರು ಬರುತ್ತಿದ್ದಾರೆ. ಹಡಗಿನ ಜೀವವೂ ಅದು ದಾಟಿಸುವ ದಾರಿಯಲ್ಲಿ, ಎಂಜಿನ್ ಬಲ್ಲವರ ಕೈಯಲ್ಲಿ ಇದೆ.

ಆದ್ದರಿಂದ ಹಬೆ ಎಂಜಿನ್ನುಗಳನ್ನು ಜೋಪಾನ ಮಾಡುವವರು ಆ ವಿದ್ಯೆಯನ್ನು ಮುಂದಿನವರಿಗೆ ಕಲಿಸಲಿ, ಕಲ್ಲಿದ್ದಲನ್ನು ಬಿಡಲಿ. ನೀರಿಗೆ ಬೂದಿ ಸುರಿಯುವ ಹಕ್ಕಂತೂ ಎಷ್ಟು ಹಳೆಯ ಹಡಗಿಗೂ ಇಲ್ಲ.