ಕಾವಲಿಗೊಂದು ಪಾಲು

ಅವರೆ ಬಳ್ಳಿಯ ಕುಡಿಗೆ ಕರಿ ಹೇನು ಮುತ್ತಿದರೂ ನಾನು ಔಷಧಿ ಹೊಡೆಯುವುದಿಲ್ಲ. “ಬೆಳೆಸಿದ ಬಳ್ಳಿಗಿಂತ ಹೇನು ಹೆಚ್ಚಾಯಿತೇ, ಟೀಚರ್?” ಎಂದು ಪಕ್ಕದ ಮನೆಯವರು ಕೇಳುತ್ತಾರೆ. ನಾನು ಉಳಿಸುವುದು ಹೇನನ್ನು ತಿಂದು ಬದುಕುವ ಗುಲಗಂಜಿ ಹುಳುವನ್ನು. ಔಷಧಿಗೆ ಎರಡೂ ಸಾಯುತ್ತವೆ. ಆದರೆ ಉಳಿದ ಹೇನಿನ ಮರಿ ವಾರದಲ್ಲೇ ತಾಯಾಗುತ್ತದೆ. ಗುಲಗಂಜಿ ಹುಳು ಬೆಳೆಯಲು ಎರಡು ಮೂರು ವಾರ ಬೇಕು.

ದೂರದ ಕ್ಯಾಲಿಫೋರ್ನಿಯಾದಲ್ಲೂ ಹೀಗೇ ಆಯಿತು. ಹತ್ತಿಯಂತೆ ಅಂಟುವ ಕೀಟದಿಂದ ಅಲ್ಲಿನ ಕಿತ್ತಳೆ ತೋಟಗಳನ್ನು ಉಳಿಸಿದ್ದು 1888ರಲ್ಲಿ ಆಸ್ಟ್ರೇಲಿಯಾದಿಂದ ತರಿಸಿದ ಇದೇ ಬಳಗದ ಹುಳು. 1940ರ ದಶಕದಲ್ಲಿ ಡಿಡಿಟಿಗೆ ಹುಳು ಸತ್ತು, ಕೀಟ ಮರಳಿ ಬಂತು.

ನಮಗೆ ಕೇಡಾದದ್ದೇ ಕಾಯುವವರಿಗೆ ಅನ್ನ. ಕೇಡೆಲ್ಲ ತೊಲಗಲೆಂದರೆ ಅವರೂ ಉಪವಾಸ ಬೀಳುತ್ತಾರೆ. ನಾಲ್ಕು ಕುಡಿಯ ನಷ್ಟ ಸಹಿಸುವುದನ್ನು ನಾನು ಸೋಮಾರಿತನ ಎನ್ನಲಾರೆ.