ಗೆರೆ ಎಳೆದವರು ಯಾರು?

ಹಳ್ಳಿಯ ತಂಟೆತಕರಾರುಗಳಲ್ಲಿ ಬದುವಿನ ಜಗಳಕ್ಕೆ ಮೊದಲ ಪಂಕ್ತಿ. ಹಾಗಾಗಿ ಗಡಿಯೇ ನೆರೆಹೊರೆಯನ್ನು ಕೆಡಿಸುತ್ತದೆ ಎಂಬ ಮಾತು ಸಲೀಸಾಗಿ ಬಂದುಬಿಡುತ್ತದೆ. ರೂಸೋ 1755ರಲ್ಲಿ ಪ್ರಕಟವಾದ ಅಸಮಾನತೆಯ ಕುರಿತ ಪ್ರಬಂಧದಲ್ಲಿ, ನೆಲಕ್ಕೆ ಮೊದಲು ಬೇಲಿ ಸುತ್ತಿ ತನ್ನದೆಂದವನನ್ನೂ ಅವನನ್ನು ನಂಬಿದವರನ್ನೂ ಮನುಷ್ಯರ ಎಷ್ಟೋ ಸಂಕಟಗಳಿಗೆ ಹೊಣೆ ಮಾಡಿದ. ಆದರೆ ಹೊಲದಲ್ಲಿ ನಿಂತು ನೋಡಿದರೆ ಬೇರೆಯದೇ ಕಾಣುತ್ತದೆ. ಬಾಂದುಕಲ್ಲು ಗಟ್ಟಿಯಾಗಿ ನಿಂತಲ್ಲಿ ಬಾಯಿ ಜೋರಾಗುವುದು ಅಪರೂಪ; ಕಲ್ಲು ಕಿತ್ತುಹೋದಲ್ಲಿ, ಅಣ್ಣತಮ್ಮಂದಿರ ಪಾಲು ಪೋಡಿಯಾಗದೆ ಬಾಯಿಮಾತಿನಲ್ಲೇ ಉಳಿದಲ್ಲಿ, ಉಳುವಾಗ ವರ್ಷಕ್ಕೊಂದು ಸಾಲಿನಂತೆ ಬದು ಕರಗಿದಲ್ಲಿ ಮಾತು ಕೈಗೆ ಹೋಗುತ್ತದೆ. ಗಡಿಯಲ್ಲಿ ಮರ ನೆಟ್ಟರೆ ಸಾಲದು, ಇದ್ದಿಲು, ಮೂಳೆ, ಮಡಕೆಚೂರುಗಳನ್ನೂ ಹೂತಿಡಬೇಕು ಎನ್ನುತ್ತದೆ ಮನುಸ್ಮೃತಿಯ ಎಂಟನೆಯ ಅಧ್ಯಾಯ. ಗಡಿಯ ಬಗೆಗಿನ ಅನುಮಾನವೇ ಕಾದಾಟದ ಬೇರು ಎಂಬುದು ಆ ಕಾಲಕ್ಕೂ ಗೊತ್ತಿತ್ತು.

ಗಡಿಯಿಂದ ಇನ್ನೂ ಒಂದು ಉಪಕಾರವಿದೆ. ಪಕ್ಕದವನ ಗಾಡಿ ತನ್ನ ಹೊಲದಲ್ಲಿ ಹಾಯಲು ಬಿಡುವುದು ದೊಡ್ಡ ಮನಸ್ಸು. ಹೊಲ ಯಾರದೆಂದೇ ಇತ್ಯರ್ಥವಾಗದಿದ್ದರೆ ಕೊಟ್ಟವನೂ ಇಲ್ಲ, ಪಡೆದವನೂ ಇಲ್ಲ. ಒಳ್ಳೆಯ ನೆರೆಯವರಿಗೆ ಕಾನೂನಿನ ಗೆರೆ ಏಕೆ ಎಂದು ಕೇಳಬಹುದು. ಈ ಆಕ್ಷೇಪಕ್ಕೆ ಆಧಾರವೂ ಇದೆ. ಕ್ಯಾಲಿಫೋರ್ನಿಯಾದ ಶಾಸ್ತಾ ಕೌಂಟಿಯ ದನಗಾಹಿಗಳನ್ನು ಅಧ್ಯಯನ ಮಾಡಿ ರಾಬರ್ಟ್ ಎಲಿಕ್ಸನ್ 1991ರಲ್ಲಿ ಒಂದು ಪುಸ್ತಕ ತಂದರು. ದನ ನುಗ್ಗಿ ಮೇದರೆ ಅಲ್ಲಿನವರು ಕೋರ್ಟಿಗೆ ಹೋಗುತ್ತಿದ್ದುದು ಅಪರೂಪ, ಕಾನೂನು ಏನನ್ನುತ್ತದೆಂಬುದೂ ಅನೇಕರಿಗೆ ಸರಿಯಾಗಿ ತಿಳಿದಿರಲಿಲ್ಲ. ನಿಜ, ಅವರಿಗೆ ಕೋರ್ಟು ಬೇಕಿರಲಿಲ್ಲ. ಆದರೆ ಯಾರು ಯಾರ ನಷ್ಟವನ್ನು ಎಷ್ಟು ಸಲ ನುಂಗಿಕೊಂಡರೆಂಬ ಲೆಕ್ಕವನ್ನು ಮನಸ್ಸಿನಲ್ಲೇ ಇಟ್ಟಿದ್ದರು, ನಡುವಿನ ಬೇಲಿಯ ಖರ್ಚನ್ನೂ ಹಂಚಿಕೊಳ್ಳುತ್ತಿದ್ದರು. ಗೆರೆ ಎಲ್ಲಿದೆಯೆಂದು ಗೊತ್ತಿಲ್ಲದೆ ಆ ಲೆಕ್ಕ ಹುಟ್ಟುವುದೇ ಇಲ್ಲ.

ಹಾಗಿದ್ದರೆ ರೂಸೋ ಹೇಳಿದ್ದು ಸುಳ್ಳೆ? ಪೂರ್ತಿ ಅಲ್ಲ. ಅವನ ಬೇಲಿಯನ್ನು ಹಾಕಿದವನು ಒಬ್ಬ, ಉಳಿದವರು ಬರೀ ತಲೆಯಾಡಿಸಿದರು. ಈ ಗಂಟನ್ನು ಬಿಡಿಸಿದವನು ಕಾಂಟ್. 1797ರ ತನ್ನ ಗ್ರಂಥದಲ್ಲಿ ಅವನ ವಾದ ಹೀಗೆ: ಒಬ್ಬನ ಇಚ್ಛೆ ಇನ್ನೊಬ್ಬನನ್ನು ಕಟ್ಟಿಹಾಕಲಾರದು, ಎಲ್ಲರ ಇಚ್ಛೆ ಸೇರಿದ ವ್ಯವಸ್ಥೆ ಬರುವವರೆಗೆ ಒಡೆತನವೆಲ್ಲ ತಾತ್ಕಾಲಿಕ. ನಮ್ಮ ಹದ್ದುಬಸ್ತು ಇದರ ಚಿಕ್ಕ ರೂಪ. ಅಕ್ಕಪಕ್ಕದ ಹಿಡುವಳಿದಾರರಿಗೂ ನೋಟಿಸ್ ಹೋಗಿ, ಅವರೆದುರೇ ಅಳತೆಯಾಗಬೇಕು. (ಎಲ್ಲ ಕಡೆ ಹಾಗೇ ಆಗುತ್ತದೆಯೇ ಎಂಬುದು ಬೇರೆ ಮಾತು.)

ನಿಜವಾಗಿ ಗಟ್ಟಿಯಾದ ಆಕ್ಷೇಪ ಊರು–ಕೇರಿಗಳ ನಡುವೆ ಇದೆ. ಅಲ್ಲಿನ ಗೆರೆಯಷ್ಟು ಸ್ಪಷ್ಟವಾದ ಗೆರೆ ಇನ್ನೊಂದಿಲ್ಲ. ಅನುಮಾನಕ್ಕೆ ಎಡೆಯೇ ಇಲ್ಲದ ಆ ಗಡಿ ಯಾವ ಸಂಬಂಧವನ್ನೂ ಬೆಳೆಸಲಿಲ್ಲ. ಏಕೆಂದರೆ ಅದು ಒಂದೇ ಕಡೆಯವರನ್ನು ತಡೆಯಿತು. ಊರಿನವರು ಆಳು ಕರೆಯಲು ಅದನ್ನು ದಾಟಬಹುದಿತ್ತು, ಕೇರಿಯವರು ನೀರು ಸೇದಲು ದಾಟುವಂತಿರಲಿಲ್ಲ. ಹೀಗೆ ಒಬ್ಬರೇ ಎಳೆದ ಗೆರೆಯನ್ನು ನೆರೆಹೊರೆಯ ಒಳ್ಳೆಯತನಕ್ಕೆ ಬಿಡಲಾಗದೆಂದೇ ಸಂವಿಧಾನದ 15ನೇ ವಿಧಿ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳನ್ನು ಹೆಸರು ಹಿಡಿದು ಬರೆಯಬೇಕಾಯಿತು.