ಅಲ್ಲೇನೈತಿ ನೋಡಾಕ?

ಹಾವೇರಿ ಕಡೆ ಎರಡು ದಿನ ಸುತ್ತಾಡಿ ಬರುತ್ತೇವೆ ಎಂದು ಹೇಳಿ ನೋಡಿ. ‘ಅಲ್ಲೇನೈತಿ ನೋಡಾಕ?’ ಎಂಬ ಮಾತು ಕೂಡಲೇ ಬರುತ್ತದೆ. ಹೊರಗಿನವರಷ್ಟೇ ಅಲ್ಲ, ಊರಿನವರೂ ಹೀಗೆಯೇ ಕೇಳುತ್ತಾರೆ. ಹಂಪಿಗೋ ಬಾದಾಮಿಗೋ ಹೊರಟವರನ್ನು ಯಾರೂ ಹೀಗೆ ಕೇಳುವುದಿಲ್ಲ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ರೈಲಿನ ದಾರಿಯಲ್ಲಿ ರಾಣೆಬೆನ್ನೂರು, ಬ್ಯಾಡಗಿ, ಹಾವೇರಿ ಒಂದಾದ ಮೇಲೊಂದು ಬರುತ್ತವೆ. ನಮ್ಮಲ್ಲಿ ಬಹಳ ಮಂದಿ ಅವನ್ನು ನಿದ್ದೆಯಲ್ಲೇ ದಾಟಿರುತ್ತೇವೆ. ಇಂದು ಬೆಳಗ್ಗೆ ಆ ಪ್ರಶ್ನೆಯೊಂದಿಗೆ ಸ್ವಲ್ಪ ಹೊತ್ತು ಕೂರೋಣ.

ಎರಡನೆಯ ಶತಮಾನದಲ್ಲಿ ಪೌಸೇನಿಯಸ್ ಎಂಬ ಪ್ರವಾಸಿ ಗ್ರೀಸ್ ದೇಶವನ್ನು ಸುತ್ತಿ, ಕಂಡದ್ದನ್ನು ಹತ್ತು ಭಾಗಗಳಲ್ಲಿ ಬರೆದಿಟ್ಟ. ಒಮ್ಮೆ ಅವನು ಪನೋಪಿಯಸ್ ಎಂಬ ಪುಟ್ಟ ಊರಿಗೆ ಬಂದ. ಅಲ್ಲಿ ಸರ್ಕಾರಿ ಕಟ್ಟಡವಿಲ್ಲ, ರಂಗಮಂದಿರವಿಲ್ಲ, ಪೇಟೆಯಿಲ್ಲ. ಜನ ಗುಡಿಸಲಿನಂಥ ಮನೆಗಳಲ್ಲಿದ್ದರು. ಇದನ್ನು ಪಟ್ಟಣ ಎನ್ನಬಹುದೇ ಎಂದು ಅವನಿಗೂ ಅನುಮಾನ ಬಂತು. ಆದರೆ ಅವನು ಬೆನ್ನು ತಿರುಗಿಸಿ ಹೋಗಲಿಲ್ಲ. ಆ ಊರಿಗೂ ತನ್ನದೇ ಎಲ್ಲೆಯಿದೆ, ನಾಡಿನ ಸಭೆಗೆ ಅದೂ ತನ್ನವರನ್ನು ಕಳಿಸುತ್ತದೆ ಎಂದು ಗುರುತು ಹಾಕಿಕೊಂಡ. ಗ್ರೀಕ್ ಪುರಾಣದ ಪ್ರೊಮಿಥ್ಯೂಸ್ ಮನುಷ್ಯಕುಲವನ್ನು ತಿದ್ದಿ ಮಾಡಿದ ಮಣ್ಣು ಇಲ್ಲಿಯದೇ ಎಂಬ ಕಥೆಯನ್ನು ಕೇಳಿಸಿಕೊಂಡು ಅದನ್ನೂ ಬರೆದ. ಇಲ್ಲದ್ದನ್ನೆಲ್ಲ ಎಣಿಸಿದ ಮೇಲೂ ಇರುವುದನ್ನು ನೋಡುವ ತಾಳ್ಮೆ ಅವನಲ್ಲಿ ಉಳಿದಿತ್ತು.

ಹಾವೇರಿಯೂ ಅಂಥ ತಾಳ್ಮೆ ಬೇಡುವ ಊರು. ಇಲ್ಲಿನ ಸಿದ್ದೇಶ್ವರ ದೇವಾಲಯ ಕಲ್ಯಾಣ ಚಾಲುಕ್ಯರ ಕಾಲದ್ದು. ಸುತ್ತಲಿನ ನೆಲಕ್ಕಿಂತ ಗುಡಿ ತಗ್ಗಿನಲ್ಲಿದೆ. ಬೇರೆ ಕಡೆ ಮೆಟ್ಟಿಲು ಹತ್ತಿ ದೇವರ ಬಳಿ ಹೋಗುವ ನಾವು ಇಲ್ಲಿ ಇಳಿದು ಹೋಗಬೇಕು. ಗುಡಿಗಳು ಸಾಮಾನ್ಯವಾಗಿ ಮೂಡಣಕ್ಕೆ ಮುಖ ಮಾಡಿದರೆ ಇದು ಪಡುವಣಕ್ಕೆ ಮುಖ ಮಾಡಿದೆ. ಬೆಳಗ್ಗೆ ಬಂದವರಿಗೆ ಮುಂಭಾಗ ನೆರಳಲ್ಲೇ ಇರುತ್ತದೆ. ಮಂಟಪದ ಕಂಬಗಳಿಗೆ ಬಿಸಿಲು ತಾಗಬೇಕಾದರೆ ಹೊತ್ತು ಇಳಿಯಬೇಕು. ಫೋಟೊ ತೆಗೆದು ಹೊರಡುವವರಿಗೆ ಈ ಗುಡಿ ಅರ್ಧವೇ ಕಾಣುತ್ತದೆ.

ವರದೆ ತುಂಗಭದ್ರೆಯನ್ನು ಸೇರುವಲ್ಲಿ ಗಳಗನಾಥವಿದೆ. ಮೆಟ್ಟಿಲು ಮೆಟ್ಟಿಲಾಗಿ ಎದ್ದ ಗಟ್ಟಿ ಪೀಠದ ಮೇಲೆ ಗಳಗೇಶ್ವರನ ಗುಡಿ ನಿಂತಿದೆ. ಅದೇ ಊರಿನ ಹೆಸರಿನಿಂದ ನಾಡಿಗೆ ಪರಿಚಿತರಾದ ಕಾದಂಬರಿಕಾರ ಗಳಗನಾಥರು ಇಲ್ಲಿಗೆ ದೂರವಲ್ಲದ ಅಗಡಿಯಿಂದ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆಯನ್ನು ನಡೆಸಿದರು. ಪುಸ್ತಕಗಳ ಹೊರೆ ಹೊತ್ತು ಊರೂರು ತಿರುಗಿ ಕನ್ನಡಿಗರಿಗೆ ಓದಿನ ರುಚಿ ಹಚ್ಚಿದರು. ರಾಣೆಬೆನ್ನೂರು ತಾಲ್ಲೂಕಿನ ಚೌಡದಾನಪುರದಲ್ಲಿ ತುಂಗಭದ್ರೆಯ ದಂಡೆಯ ಮೇಲೆಯೇ ಮುಕ್ತೇಶ್ವರನ ಗುಡಿ. 1225ರಲ್ಲಿ ಶಿವದೇವರೆಂಬ ಸಂತರು ಈ ಊರಿಗೆ ಬಂದರೆಂದೂ ಇಲ್ಲಿಯೇ ನೆಲೆ ನಿಂತು ತಪಸ್ಸು ಮಾಡಿದರೆಂದೂ ಅಲ್ಲಿನ ಶಾಸನದಿಂದ ತಿಳಿಯುತ್ತದೆ. ಒಬ್ಬರು ಇಲ್ಲಿಂದ ನಾಡಿಗೆಲ್ಲ ನಡೆದರು, ಇನ್ನೊಬ್ಬರು ಎಲ್ಲಿಂದಲೋ ಬಂದು ಇಲ್ಲಿ ನಿಂತರು. ಇಬ್ಬರಿಗೂ ಈ ಊರುಗಳು ಸಣ್ಣವೆನಿಸಲಿಲ್ಲ.

ಬ್ಯಾಡಗಿಯಲ್ಲಿ ನೋಡಬೇಕಾದ್ದು ದುಡಿಮೆ. ಸುಗ್ಗಿಯ ದಿನಗಳಲ್ಲಿ ಮೆಣಸಿನಕಾಯಿ ಚೀಲಗಳು ಮಾರುಕಟ್ಟೆಯ ತುಂಬ ಸಾಲುಗಟ್ಟಿರುತ್ತವೆ. ಹೊಸಬರಿಗೆ ಗೇಟಿನ ಹತ್ತಿರವೇ ಸೀನು ಶುರುವಾಗುತ್ತದೆ. ಡಬ್ಬಿ, ಕಡ್ಡಿ ಎಂಬ ಎರಡು ಬಗೆ. ಸುಕ್ಕುಗಟ್ಟಿದ ಮೈ, ಗಾಢ ಕೆಂಪು ಬಣ್ಣ, ಖಾರ ಮಾತ್ರ ಹದ. 2011ರಲ್ಲಿ ಈ ಮೆಣಸಿನಕಾಯಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಅಡುಗೆಗಷ್ಟೇ ಅಲ್ಲ, ಇದರಿಂದ ತೆಗೆದ ಬಣ್ಣ ತುಟಿರಂಗಿಗೂ ಉಗುರುಬಣ್ಣಕ್ಕೂ ಹೋಗುತ್ತದೆ. ಆದರೆ ಚೀಲ ಹೊರುವ ಹಮಾಲರನ್ನೂ, ದಿನವಿಡೀ ಕೂತು ತೊಟ್ಟು ಬಿಡಿಸುವ ಹೆಣ್ಣುಮಕ್ಕಳನ್ನೂ ಒಮ್ಮೆ ಕಂಡ ಮೇಲೆ, ತಾಟಿನಲ್ಲಿನ ಸಾರಿನ ಕೆಂಪು ಬೇರೆಯಾಗಿ ಕಾಣುತ್ತದೆ. ಆ ಕೆಂಪಿನ ಹಿಂದೆ ಉರಿಯುವ ಬೆರಳುಗಳಿವೆ ಎಂಬುದು ಮರೆಯುವುದಿಲ್ಲ.

ಇನ್ನು ರಾಣೆಬೆನ್ನೂರಿನ ಬಯಲು. 1974ರಲ್ಲಿ ಇಲ್ಲಿ ಸುಮಾರು 119 ಚದರ ಕಿಲೋಮೀಟರ್ ಜಾಗ ಕೃಷ್ಣಮೃಗಗಳ ಅಭಯಾರಣ್ಯವಾಯಿತು. ಕೃಷ್ಣಮೃಗ ಹುಲ್ಲು ಬಯಲಿನ ಜೀವಿ. ದೂರದವರೆಗೆ ನೋಟ ಹರಿಯಬೇಕು, ಅಪಾಯ ಕಂಡರೆ ಓಡಲು ಬಯಲು ಬೇಕು. ಆದರೆ ಹುಲ್ಲುಗಾವಲು ಎಂದರೆ ಬರಡು ನೆಲ ಎಂದು ತಿಳಿದ ಕಾಲವೊಂದಿತ್ತು. ಆ ತಿಳಿವಳಿಕೆಯಲ್ಲಿ ಇಲ್ಲಿ ನೀಲಗಿರಿ ಗಿಡಗಳನ್ನು ಬೆಳೆಸಲಾಯಿತು. ಹಿಂದೆ ಈ ಬಯಲಲ್ಲಿ ನಡೆದಾಡುತ್ತಿದ್ದ ಎರೆಭೂತವೆಂಬ ದೊಡ್ಡ ಹಕ್ಕಿ ಇಂದು ಇಲ್ಲಿ ಕಾಣುವುದಿಲ್ಲ. ‘ಅಲ್ಲೇನೈತಿ’ ಎಂಬ ಮಾತು ಬರೀ ಉಡಾಫೆಯದಲ್ಲ ಎಂಬುದನ್ನು ಈ ಬಯಲು ಕಲಿಸುತ್ತದೆ. ಏನೂ ಇಲ್ಲ ಎಂದು ಒಮ್ಮೆ ತೀರ್ಮಾನಿಸಿದ ಕಡೆ ನಾವು ಏನು ಮಾಡಲೂ ಹಿಂಜರಿಯುವುದಿಲ್ಲ. ಇದ್ದದ್ದು ಇಲ್ಲವಾದಾಗ ಅದು ಹೋಯಿತೆಂಬುದೂ ನಮ್ಮ ಗಮನಕ್ಕೆ ಬರುವುದಿಲ್ಲ.

ಮನುಷ್ಯರ ವಿಷಯದಲ್ಲೂ ಹೀಗೇ. ಬ್ಯಾಡಗಿ ಬಳಿಯ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ 1930ರಲ್ಲಿ, 18ರ ಹರೆಯದಲ್ಲಿ, ಗಾಂಧೀಜಿಯವರೊಂದಿಗೆ ದಂಡಿಗೆ ನಡೆದ ಏಕೈಕ ಕನ್ನಡಿಗ. ಆಮೇಲೆ ಅವರು ಮತ್ತೆ ಇದೇ ಸೀಮೆಗೆ ಬಂದು ದುಡಿದರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಎದೆಯೊಡ್ಡಿ ಇಬ್ಬರು ಸಂಗಾತಿಗಳೊಂದಿಗೆ ಪ್ರಾಣ ಕೊಟ್ಟರು. ಹಾವೇರಿಯ ರೈಲು ನಿಲ್ದಾಣಕ್ಕೆ ಅವರ ಹೆಸರಿದೆ. ಆ ಫಲಕವನ್ನು ದಿನವೂ ಎಷ್ಟೋ ಜನ ನೋಡುತ್ತಾರೆ. ಯಾರು ಇವರು ಎಂದು ಪಕ್ಕದವರನ್ನು ಕೇಳಿದರೆ ಆ ಹೆಸರಿಗೆ ಮತ್ತೆ ಜೀವ ಬರುತ್ತದೆ.

ಸಣ್ಣ ಊರುಗಳು ತಮ್ಮನ್ನು ತಾವು ಸಾರಿಕೊಳ್ಳುವುದಿಲ್ಲ. ಅವುಗಳ ಹಿರಿಮೆಗೆ ಬಂದವರ ಬಿಡುವು ಬೇಕು, ಅಲ್ಲಿರುವವರ ಅಭಿಮಾನವೂ ಬೇಕು. ಹತ್ತಿರದ ಊರೊಂದಕ್ಕೆ ಒಂದು ದಿನ ಎತ್ತಿಡೋಣ. ಮಕ್ಕಳನ್ನು ಕರೆದುಕೊಂಡು ಹೋಗೋಣ. ಗುಡಿಯ ಅರ್ಚಕರನ್ನೋ, ಕಟ್ಟೆಯ ಮೇಲೆ ಕೂತ ಅಜ್ಜನನ್ನೋ ಮಾತಾಡಿಸಿ, ಹೇಳಿದ್ದನ್ನು ಪೂರ್ತಿ ಕೇಳೋಣ. ಕೇಳುವವರು ಇದ್ದಾರೆ ಎಂದು ಗೊತ್ತಾದ ಊರು ತನ್ನ ಕೆರೆ, ಕಲ್ಲು, ಬಯಲುಗಳನ್ನು ಅಷ್ಟು ಸುಲಭವಾಗಿ ಬಿಟ್ಟುಕೊಡುವುದಿಲ್ಲ.